ಎತ್ತಿನ ಗೊರಸು ನೋಡುವವರೇ, ನಿಮ್ಮ ಅಂಗಾಲು ನೋಡಿಕೊಳ್ಳಿ



ಬೂಕನಬೆಟ್ಟದ ಜಾತ್ರೆಯಲ್ಲಿ ಒಂದು ಜೊತೆ ಹೋರಿ ಕೊಳ್ಳುವಾಗ ನೀವು ಏನೇನು ನೋಡುತ್ತೀರಿ? ಬಾಯಿ ಬಿಡಿಸಿ ಹಲ್ಲು ಎಣಿಸುತ್ತೀರಿ. ಸುಳಿ ನೋಡುತ್ತೀರಿ. ಕಾಲೆತ್ತಿಸಿ ಗೊರಸಿನ ಸಂದು ನೋಡುತ್ತೀರಿ. ನಾಲ್ಕು ಹೆಜ್ಜೆ ನಡೆಸಿ ಕುಂಟು ಇದೆಯೋ ಇಲ್ಲವೋ ನೋಡುತ್ತೀರಿ. ಕೊಂಬು ಹಿಡಿದು ಅಲ್ಲಾಡಿಸುತ್ತೀರಿ. ಎತ್ತಿನ ಕೊಂಬಿಗೂ ಕ್ಯಾನ್ಸರ್ ಬರುತ್ತೆ, ಕೊಂಬು ವಾಲುತ್ತೆ, ಮೂಗಿನಲ್ಲಿ ರಕ್ತ ಸೋರುತ್ತೆ ಅನ್ನೋದು ದನ ಸಾಕಿದವರಿಗೆ ಗೊತ್ತಿರುವ ಮಾತು. ಎಲ್ಲ ಸರಿ. ಈಗ ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಸ್ವಂತ ಕಾಲಿನ ಅಂಗಾಲನ್ನು ನೀವು ಕಡೆಯ ಸಲ ನೋಡಿದ್ದು ಯಾವಾಗ?

ಉತ್ತರ ಹೊರಡುವುದಿಲ್ಲ. ಹೊರಡುವುದಿಲ್ಲ ಅಂತ ಗೊತ್ತಿದ್ದೇ ಕೇಳಿದೆ.

ಹಾಸನದ ಸೀಮೆಯಲ್ಲಿ ಆಲೂಗಡ್ಡೆ ಬೆಳೆದವನಿಗೆ ಅಂಗಮಾರಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆಯ ಅಂಚಿನಲ್ಲಿ ಕಪ್ಪು ಚುಕ್ಕೆ ಕಂಡ ದಿನವೇ ಔಷಧಿ ಹೊಡೆಯದಿದ್ದರೆ, ಮೋಡ ಮುಚ್ಚಿಕೊಂಡ ಕೆಲವೇ ದಿನಗಳಲ್ಲಿ ಹೊಲಕ್ಕೆ ಹೊಲವೇ ಸುಟ್ಟು ಹೋದ ಹಾಗೆ ಕಾಣುತ್ತೆ. ಅದಕ್ಕೇ ಸಾಲ ಮಾಡಿಯಾದರೂ ಔಷಧಿ ತಂದು ಹೊಡೆಯುತ್ತೀರಿ. ಅದೇ ಕಪ್ಪು ಚುಕ್ಕೆ ಅಂಗಾಲಿನಲ್ಲಿ ಕಂಡರೆ? "ಏನೋ ಮುಳ್ಳು ಮುರ್ಕಂಡೈತೆ, ಹೋಯ್ತದೆ ಬಿಡು" ಅಂತ ಈ ಸುಗ್ಗಿಯಿಂದ ಮುಂದಿನ ಸುಗ್ಗಿಗೆ ತಳ್ಳುತ್ತೀರಿ.

ನಾನು ಹೇಳಬೇಕಾದ್ದು ಒಂದೇ ಮಾತು. ಚರ್ಮದ ಕ್ಯಾನ್ಸರ್ ಕಣ್ಣಿಗೆ ಕಾಣುವ ಕಾಯಿಲೆ. ಹೊಟ್ಟೆಯೊಳಗಿನ ಗಡ್ಡೆ ಕಾಣಬೇಕಾದರೆ ಯಂತ್ರ ಬೇಕು. ಇದನ್ನು ಅನುಮಾನಿಸುವುದಕ್ಕೆ ಬೇಕಾದ್ದು ಎರಡು ಕಣ್ಣು ಮತ್ತು ಹಗಲಿನ ಬೆಳಕು. ಮೊದಲೇ ಕಂಡು ಮೊದಲೇ ಕತ್ತರಿಸಿ ತೆಗೆಸಿದರೆ ಬಹುಪಾಲು ಅಲ್ಲಿಗೇ ಮುಗಿಯುತ್ತೆ. ತಡವಾದರೆ ಮೊದಲು ಕಾಲು ಹೋಗುತ್ತೆ, ಆಮೇಲೆ ಜಮೀನು, ಕೊನೆಗೆ ಜೀವ. ಇಷ್ಟು ಎದ್ದು ಕಾಣುವ ಕಾಯಿಲೆಗೆ ಒಬ್ಬ ರೈತ ಕಾಲು ಕಳೆದುಕೊಳ್ಳುತ್ತಾನೆ ಅಂದರೆ ಅರ್ಧ ತಪ್ಪು ನಮ್ಮದು, ಇನ್ನರ್ಧ ನಮ್ಮನ್ನಾಳುವವರದು. ಇಬ್ಬರನ್ನೂ ಇಲ್ಲಿ ಬಿಡುವುದಿಲ್ಲ.

ಬಿಳಿಯರ ಕಾಯಿಲೆಯಂತೆ!

"ಚರ್ಮದ ಕ್ಯಾನ್ಸರ್ ಬಿಳಿ ಜನರಿಗೆ ಬರೋದು, ನಮ್ಮಂಥ ಕಪ್ಪು ಚರ್ಮಕ್ಕೆ ಏನೂ ಆಗಲ್ಲ" ಅನ್ನುವ ಮಾತು ಓದಿದವರ ಬಾಯಲ್ಲೂ ಬರುತ್ತೆ. ಇದರಲ್ಲಿ ಅರ್ಧ ನಿಜ ಇದೆ. ನಮ್ಮ ಚರ್ಮದ ಬಣ್ಣವೇ ಬಿಸಿಲಿಗೆ ಕೊಡೆ ಹಿಡಿಯುತ್ತೆ. ಆಸ್ಟ್ರೇಲಿಯದ ಬಿಳಿ ರೈತನಿಗೆ ಬರುವಷ್ಟು ಚರ್ಮದ ಕ್ಯಾನ್ಸರ್ ನಮಗೆ ಬರುವುದಿಲ್ಲ. ಬಾಯಿ ಕ್ಯಾನ್ಸರ್, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇವುಗಳ ಮುಂದೆ ನಮ್ಮಲ್ಲಿ ಇದರ ಲೆಕ್ಕ ಚಿಕ್ಕದು.

ಉಳಿದರ್ಧ ಕೇಳಿ. ಆ ಕೊಡೆ ಎಲ್ಲ ಕಡೆ ಒಂದೇ ಸಮ ಇಲ್ಲ. ಅಂಗಾಲು, ಅಂಗೈ, ಉಗುರಿನ ಬುಡ ಬೆಳ್ಳಗಿರುವ ಜಾಗಗಳು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳೇ ಕೆಟ್ಟು ಬರುವ ಮೆಲನೋಮ ಎಂಬ ಕ್ಯಾನ್ಸರ್ ಕಪ್ಪು ಮೈಬಣ್ಣದ ಜನರಲ್ಲಿ ಹೆಚ್ಚಾಗಿ ಬರುವುದು ಇದೇ ಜಾಗಗಳಲ್ಲಿ. ಇದಕ್ಕೂ ಬಿಸಿಲಿಗೂ ಸಂಬಂಧ ಅಷ್ಟಕ್ಕಷ್ಟೆ. ಟೀವಿಯಲ್ಲಿ ಬರುವ ಬಿಸಿಲಿನ ಕ್ರೀಮು ಅಂಗಾಲನ್ನು ಕಾಯುವುದಿಲ್ಲ. ಆದ್ದರಿಂದ ಕ್ರೀಮಿಗೆ ದುಡ್ಡು ಸುರಿಯಿರಿ ಅಂತ ನಾನು ಹೇಳುತ್ತಿಲ್ಲ. ಕಾಲು ನೋಡಿಕೊಳ್ಳಿ ಅಂತ ಹೇಳುತ್ತಿದ್ದೇನೆ, ಅದಕ್ಕೆ ಕಾಸು ಬೇಕಾಗಿಲ್ಲ. ಹುಟ್ಟಿನಿಂದಲೇ ಮೈಯೆಲ್ಲ, ಕೂದಲೆಲ್ಲ ಬೆಳ್ಳಗಿರುವ ಮಕ್ಕಳ ಮಾತು ಮಾತ್ರ ಬೇರೆ. ಅವರಿಗೆ ಬಿಸಿಲೇ ಶತ್ರು. ಅವರಿಗೆ ತುಂಬುತೋಳಿನ ಅಂಗಿ, ಅಗಲವಾದ ಟೋಪಿ ಬೇಕೇ ಬೇಕು. ಮಧ್ಯಾಹ್ನದ ಹೊಲದ ಕೆಲಸ ಅವರಿಗೆ ಬೇಡ.

ಜಮೈಕ ದೇಶದ ಹಾಡುಗಾರ ಬಾಬ್ ಮಾರ್ಲಿಯ ಹೆಸರನ್ನು ನಿಮ್ಮ ಮಕ್ಕಳು ಕೇಳಿರುತ್ತಾರೆ. ಅವರ ಅಂಗಿಯ ಮೇಲೆ ಆತನ ಮುಖವೂ ಇರಬಹುದು. ಗುಡ್ಡಗಾಡಿನ ಹಳ್ಳಿಯಲ್ಲಿ ಹುಟ್ಟಿದ ಮನುಷ್ಯ. ೧೯೭೭ರಲ್ಲಿ ಬಲಗಾಲಿನ ಹೆಬ್ಬೆರಳ ಉಗುರಿನಡಿ ಹುಣ್ಣಾಯಿತು. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಅಂದುಕೊಂಡರು. ಪರೀಕ್ಷೆ ಮಾಡಿದಾಗ ಮೆಲನೋಮ. ಬೆರಳು ತೆಗೆಸಿ ಅಂದರು ಡಾಕ್ಟರು, ಆತ ತನ್ನ ಧರ್ಮದ ನಂಬಿಕೆಯಿಂದ ಒಪ್ಪಲಿಲ್ಲ. ೧೯೮೧ರ ಮೇ ೧೧ರಂದು ತೀರಿಕೊಂಡಾಗ ಆತನಿಗೆ ವಯಸ್ಸು ೩೬. ಲೋಕವೆಲ್ಲ ಸುತ್ತಿದವನ, ಹಣವಿದ್ದವನ ಗತಿ ಇದು. ಬರಿಗಾಲಲ್ಲಿ ಗದ್ದೆಗೆ ಇಳಿಯುವ ನಮ್ಮ ಗತಿ ಏನು, ನೀವೇ ಯೋಚಿಸಿ.

ಹಳೇ ಗಾಯ ಮರೆತರೂ ಅದು ನಮ್ಮನ್ನು ಮರೆಯುವುದಿಲ್ಲ

ಎರಡನೆಯದು ಹಳೆಯ ಸುಟ್ಟ ಗಾಯದ ಕಲೆ. ಚನ್ನರಾಯಪಟ್ಟಣದ ಕಡೆ ಆಲೆಮನೆಯಲ್ಲಿ ಕುದಿಯುವ ಪಾಕ ಮೈಮೇಲೆ ಬಿದ್ದವರಿದ್ದಾರೆ. ಅರಕಲಗೂಡಿನ ರಾಮನಾಥಪುರದ ಸುತ್ತ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೆಂಕಿ ತಗುಲಿಸಿಕೊಂಡವರಿದ್ದಾರೆ. ಮಗುವಾಗಿದ್ದಾಗ ಹಂಡೆಯ ಬಿಸಿನೀರು ಬಿದ್ದು ಸುಟ್ಟುಕೊಂಡವರು ಊರಿಗೊಬ್ಬರು. ಗಾಯ ಮಾಯುತ್ತೆ, ಚರ್ಮ ಸುಕ್ಕಾಗಿ ಕಲೆ ಉಳಿಯುತ್ತೆ. ಇಪ್ಪತ್ತು ಮೂವತ್ತು ವರ್ಷ ಆದ ಮೇಲೆ ಒಂದು ದಿನ ಅದೇ ಕಲೆ ಬಿರಿಯುತ್ತೆ, ಹುಣ್ಣಾಗುತ್ತೆ, ಮಾಯುವುದೇ ಇಲ್ಲ. ಹಳೆಯ ಕಲೆಯಲ್ಲಿ ಏಳುವ ಈ ಹುಣ್ಣಿನ ವಿಷಯವನ್ನು ಫ್ರಾನ್ಸಿನ ಮಾರ್ಜೊಲಿನ್ ಎಂಬ ಸರ್ಜನ್ ೧೮೨೮ರಷ್ಟು ಹಿಂದೆಯೇ ಬರೆದಿದ್ದ. ಇವತ್ತಿಗೂ ಡಾಕ್ಟರುಗಳು ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಸುಟ್ಟ ಕಲೆ ಮಾತ್ರವಲ್ಲ, ಕುಷ್ಠದವರ ಕಾಲಿನ ಹುಣ್ಣು, ರಕ್ತನಾಳ ಉಬ್ಬಿದವರ ಮೀನಖಂಡದ ಕೆಳಗಿನ ಹುಣ್ಣು, ಮೂಳೆಯಿಂದ ಕೀವು ಸೋರುವ ಗಾಯ, ವರ್ಷಗಟ್ಟಲೆ ಮಾಯದ ಯಾವುದೇ ಹುಣ್ಣು ಹೀಗೆ ತಿರುಗಿಕೊಳ್ಳಬಹುದು.

ಸೊಂಟವನ್ನೂ ಬಿಡಬೇಡಿ. ದಿನವಿಡೀ ಪಂಚೆಯನ್ನು ಒಂದೇ ಜಾಗದಲ್ಲಿ ಬಿಗಿದು ಕಟ್ಟಿ, ಬೆವರು ಕೂತು, ಚರ್ಮ ಕಪ್ಪಾಗಿ ದಪ್ಪವಾಗಿ ಆಮೇಲೆ ಹುಣ್ಣಾಗುವುದನ್ನು ಮುಂಬೈನ ಡಾ. ಖಾನೋಲ್ಕರ್ ಮತ್ತು ಸೂರ್ಯಾಬಾಯಿ ೧೯೪೫ರಲ್ಲೇ ಬರೆದರು. ಅದಕ್ಕೆ ಪಂಚೆ ಕ್ಯಾನ್ಸರ್ ಅಂತಲೇ ಹೆಸರಾಯಿತು. ಸೀರೆ ಉಡುವ ಹೆಂಗಸರಲ್ಲಿ ಲಂಗದ ಲಾಡಿ ಕೂರುವ ಜಾಗದಲ್ಲಿ ಇದೇ ಬಗೆಯದು ಕಂಡುಬಂದಿದೆ. ಅಪರೂಪ ನಿಜ. ಪಂಚೆ ಬಿಡಿ, ಸೀರೆ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಕಟ್ಟು ಸಡಿಲ ಮಾಡಿ, ಲಾಡಿಯ ಬದಲು ಅಗಲವಾದ ಪಟ್ಟಿ ಹೊಲಿಸಿ, ಆ ಜಾಗದಲ್ಲಿ ಮಾಯದ ಹುಣ್ಣು ಕಂಡರೆ ಮುಚ್ಚಿಡಬೇಡಿ.

ನಾವು ಮಾಡುವ ವೈದ್ಯ

ಈಗ ನಮ್ಮ ದಡ್ಡತನದ ಪಟ್ಟಿ. ಅಂಗಾಲಿನಲ್ಲಿ ಕಪ್ಪು ಗುರುತು ಕಂಡರೆ ಮೊದಲು ಮುಳ್ಳು ಅಂತ ಸೂಜಿಯಿಂದ ಬಗೆಯುತ್ತೇವೆ. ಆಮೇಲೆ ಆಣಿ ಅಂತ ಬ್ಲೇಡಿನಿಂದ ಹೆರೆಯುತ್ತೇವೆ. ರಕ್ತ ಬಂದರೆ ಸುಣ್ಣ ಮೆತ್ತುತ್ತೇವೆ. ಕೆಲವರು ಗೇರೆಣ್ಣೆ ಹಚ್ಚುತ್ತಾರೆ, ಕೆಲವರು ದನದ ಹುಣ್ಣಿಗೆ ಹಾಕುವ ಮೈಲುತುತ್ತ ಹಾಕುತ್ತಾರೆ, ಕೆಲವರು ಬರೆ ಎಳೆಸುತ್ತಾರೆ. ಆಮೇಲೆ ಪೇಟೆಯ ಮೆಡಿಕಲ್ ಶಾಪಿನವನು ಕೊಟ್ಟ ಮುಲಾಮು, ಒಂದಾದ ಮೇಲೆ ಒಂದು. ಈ ಎಲ್ಲದರ ಮಧ್ಯೆ ವರ್ಷ ಕಳೆಯುತ್ತೆ. ಮುಳ್ಳು ಕ್ಯಾನ್ಸರ್ ಆಗುತ್ತೆ ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರನ್ನು ನಾವು ಮುಳ್ಳು ಅಂದುಕೊಳ್ಳುತ್ತೇವೆ, ಅನಾಹುತ ಅಲ್ಲಿದೆ.

"ನೋವಿಲ್ಲ ಕಣಪ್ಪ, ನೋವಿದ್ರೆ ತಾನೇ ಆಸ್ಪತ್ರೆಗೆ ಹೋಗೋದು?" ಅನ್ನುತ್ತೀರಿ. ಅಯ್ಯಾ, ಈ ಕಾಯಿಲೆ ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ನೋವಿಲ್ಲ ಅನ್ನುವುದೇ ಸಮಾಧಾನ ಅಂತ ತಿಳಿದವನು ಮೋಸ ಹೋಗುತ್ತಾನೆ. ಗೆದ್ದಲು ತೆಂಗಿನ ಸಸಿಯ ಬೇರು ತಿನ್ನುವಾಗ ಸಸಿ ಕೂಗಿಕೊಳ್ಳುತ್ತದೆಯೇ?

ಇನ್ನೊಂದು ಮಾತು ಊರೂರಲ್ಲಿದೆ: "ಕ್ಯಾನ್ಸರಿಗೆ ಚಾಕು ತಗುಲಿಸಿದ್ರೆ ಮೈಯೆಲ್ಲಾ ಹರಡ್ತದೆ." ಇದು ಸುಳ್ಳು. ಡಾಕ್ಟರು ಸೂಜಿಮದ್ದು ಕೊಟ್ಟು ಜಾಗ ಮರಗಟ್ಟಿಸಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದಕ್ಕೆ ಬಯಾಪ್ಸಿ ಅನ್ನುತ್ತಾರೆ. ಆ ಚೂರು ತೆಗೆಯುವುದರಿಂದ ಕಾಯಿಲೆ ಹರಡುವುದಿಲ್ಲ, ತೆಗೆಯದೆ ಬಿಡುವುದರಿಂದ ಹರಡುತ್ತೆ. ಬಯಾಪ್ಸಿ ಇಲ್ಲದೆ ಇದು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಯಾವ ದೊಡ್ಡ ಡಾಕ್ಟರೂ ಖಚಿತವಾಗಿ ಹೇಳಲಾರರು. ಚಾಕುವಿಗೆ ಕೆಟ್ಟ ಹೆಸರು ಬಂದದ್ದು ಯಾಕೆ ಗೊತ್ತೇ? ಹರಡಿ ಮುಗಿದ ಮೇಲೆ ಆಸ್ಪತ್ರೆಗೆ ಹೋದವರಿಗೆ ಚಾಕು ಹಾಕಿದರು, ಅವರು ಉಳಿಯಲಿಲ್ಲ. ಜನ ಚಾಕುವನ್ನು ಬೈದರು, ತಡವನ್ನು ಬೈಯಲಿಲ್ಲ.

ಹೀಗೆ ನೋಡಿ

ಆರು ಕಟ್ಟದ ಅಮಾವಾಸ್ಯೆ ದಿನ ಎತ್ತಿಗೆ ಬಿಡುವು ಕೊಡುತ್ತೀರಿ. ಆ ದಿನ ಸ್ನಾನ ಮಾಡಿ ಜಗಲಿಯ ಮೇಲೆ ಬೆಳಕಿನಲ್ಲಿ ಕೂತು ಹತ್ತು ನಿಮಿಷ ನಿಮ್ಮ ಮೈ ನೋಡಿಕೊಳ್ಳಿ. ಅಂಗಾಲು ನಿಮಗೆ ಕಾಣದಿದ್ದರೆ ಹೆಂಡತಿಗೆ ತೋರಿಸಿ, ಆಕೆಯ ಅಂಗಾಲನ್ನು ನೀವು ನೋಡಿ. ನಾಟಿ ಹಾಕುವುದು, ಕಳೆ ಕೀಳುವುದು ಆಕೆಯ ಕಾಲೇ ಅಲ್ಲವೇ? ಯಜಮಾನ ಹೆಂಡತಿಯ ಕಾಲು ಹಿಡಿದ ಅಂತ ಊರು ನಕ್ಕರೆ ನಗಲಿ.

ಇವುಗಳನ್ನು ಕಂಡರೆ ತಡ ಮಾಡಬೇಡಿ.

ಅಂಗಾಲು, ಅಂಗೈಯಲ್ಲಿ ಹೊಸದಾಗಿ ಬಂದ ಕಪ್ಪು ಅಥವಾ ಕಂದು ಮಚ್ಚೆ. ಹಳೆಯ ಮಚ್ಚೆಯಾದರೆ ದೊಡ್ಡದಾಗುವುದು, ಒಂದು ಮಗ್ಗುಲು ಇನ್ನೊಂದರ ಹಾಗೆ ಇಲ್ಲದಿರುವುದು, ಅಂಚು ಸೊಟ್ಟಪಟ್ಟೆಯಾಗುವುದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ, ರಕ್ತ ಒಸರುವುದು. ೬ ಮಿಲಿಮೀಟರಿಗಿಂತ, ಅಂದರೆ ಒಂದು ಕಡಲೆಕಾಳಿಗಿಂತ ಅಗಲವಾದದ್ದನ್ನು ತೋರಿಸಲೇಬೇಕು. ಚಿಕ್ಕದಾದರೂ ಬದಲಾಗುತ್ತಿದ್ದರೆ ತೋರಿಸಬೇಕು.

ಒಂದೇ ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ, ಅದು ಅಗಲವಾಗುತ್ತಾ ಹೋಗಿ ಉಗುರಿನ ಬುಡದ ಚರ್ಮಕ್ಕೂ ಬಣ್ಣ ಇಳಿಯುವುದು. ಕಲ್ಲು ಬಿದ್ದು ರಕ್ತ ಹೆಪ್ಪುಗಟ್ಟಿದ ಉಗುರಾದರೆ ಉಗುರು ಬೆಳೆದಂತೆ ಆ ಕಪ್ಪು ಮುಂದಕ್ಕೆ ಸರಿಯುತ್ತೆ. ಎರಡು ಮೂರು ತಿಂಗಳಾದರೂ ಸರಿಯದ ಕಪ್ಪನ್ನು ಪೆಟ್ಟು ಅಂತ ನಂಬಬೇಡಿ.

ನಾಲ್ಕು ವಾರವಾದರೂ ಮಾಯದ ಯಾವುದೇ ಹುಣ್ಣು. ಅಂಚು ಮೇಲೆದ್ದು ಗಟ್ಟಿಯಾಗಿರುವ, ಹೂಕೋಸಿನ ಹಾಗೆ ಮಾಂಸ ಉಕ್ಕಿರುವ, ನಾರುವ, ಮುಟ್ಟಿದರೆ ರಕ್ತ ಬರುವ ಹುಣ್ಣು. ಹಳೆಯ ಸುಟ್ಟ ಕಲೆ ಬಿರಿದು ಹುಣ್ಣಾದರಂತೂ ಒಂದು ದಿನವೂ ಕಾಯಬೇಡಿ.

ಮೂಗು, ಕಣ್ಣಂಚು, ಕೆನ್ನೆಯ ಮೇಲೆ ಹೊಳೆಯುವ ಸಣ್ಣ ಗಂಟು, ಹೊಪ್ಪಳೆ ಕಟ್ಟಿ ಉದುರಿ ಮತ್ತೆ ರಕ್ತ ಬಂದು ಮತ್ತೆ ಹೊಪ್ಪಳೆ ಕಟ್ಟುವುದು.

ಕಾಲಿನಲ್ಲಿ ಇಂಥದ್ದೊಂದು ಇದ್ದು, ಜೊತೆಗೆ ತೊಡೆಸಂದಿನಲ್ಲಿ ಗಂಟು ಕಟ್ಟಿದ್ದರೆ ಆಗಲೇ ತಡವಾಗಿರಬಹುದು. ಅವತ್ತೇ ಹೊರಡಿ.

ಹೆದರಿಸುವುದಕ್ಕೆ ಇದನ್ನು ಬರೆದಿಲ್ಲ. ನಿಮ್ಮ ಮೈಮೇಲಿರುವ ಮಚ್ಚೆಗಳಲ್ಲಿ ಬಹುಪಾಲು ಬರೀ ಮಚ್ಚೆ. ಕಪ್ಪು ಚರ್ಮದವರಿಗೆ ಹಲವಾರು ಉಗುರುಗಳಲ್ಲಿ ತೆಳು ಗೆರೆ ಇರುವುದು ಸಾಮಾನ್ಯ. ತೊನ್ನು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ನೂರು ಜನ ತೋರಿಸಿ ಎಲ್ಲರೂ "ಏನೂ ಇಲ್ಲ" ಅನ್ನಿಸಿಕೊಂಡು ಬಂದರೆ ನಷ್ಟವಿಲ್ಲ.

ಒಂದು ಮಿಲಿಮೀಟರಿನ ಲೆಕ್ಕ

ಉಳುಮೆಯ ಆಳ ನಿಮಗೆ ಗೊತ್ತು. ಮೆಲನೋಮಕ್ಕೂ ಆಳದ ಲೆಕ್ಕವೇ. ೧೯೭೦ರಲ್ಲಿ ಅಮೆರಿಕದ ಬ್ರೆಸ್ಲೊ ಎಂಬ ಡಾಕ್ಟರು ತೋರಿಸಿಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತಿದೆ: ಚರ್ಮದೊಳಕ್ಕೆ ಎಷ್ಟು ಮಿಲಿಮೀಟರ್ ಇಳಿದಿದೆ ಅನ್ನುವುದರ ಮೇಲೆ ರೋಗಿಯ ಹಣೆಬರಹ. ೧ ಮಿಲಿಮೀಟರಿಗಿಂತ ಕಡಿಮೆ ಇದ್ದಾಗ ಸುತ್ತಲ ೧ ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿ ಕತ್ತರಿಸಿ ತೆಗೆದರೆ ಬಹುತೇಕ ಜನ ಉಳಿಯುತ್ತಾರೆ. ೪ ಮಿಲಿಮೀಟರ್ ದಾಟಿದ ಮೇಲೆ ಕಷ್ಟ. ಒಂದಕ್ಕೂ ನಾಲ್ಕಕ್ಕೂ ನಡುವೆ ಇರುವುದು ನೀವು ತಳ್ಳಿದ ಆ ಸುಗ್ಗಿಗಳು.

ಹಣೆಬರಹದ ಮಾತು ಹಾಗಿರಲಿ, ಸಾಲದ ಮಾತಿಗೆ ಬರೋಣ. ಬೆಳೆಗೆ ಉತ್ಪಾದನಾ ವೆಚ್ಚದ ಲೆಕ್ಕ ಹಾಕುವ ನಾವು ತಡದ ವೆಚ್ಚದ ಲೆಕ್ಕ ಯಾಕೆ ಹಾಕುವುದಿಲ್ಲ?

ಮೊದಲೇ ಹೋದವನ ಖರ್ಚು: ಹಾಸನಕ್ಕೆ ಎರಡು ಮೂರು ಸಲ ಬಸ್ ಚಾರ್ಜು, ಒಂದು ಬಯಾಪ್ಸಿ, ಒಂದು ಸಣ್ಣ ಆಪರೇಷನ್, ಕೆಲವು ವಾರ ಕೆಸರಿಗೆ ಕಾಲಿಡದೆ ಕೂರುವುದು, ಆಮೇಲೆ ಕರೆದಾಗ ಹೋಗಿ ತೋರಿಸುವುದು.

ತಡವಾದವನ ಖರ್ಚು: ಸ್ಕ್ಯಾನು, ಬೆಂಗಳೂರಿಗೆ ಓಡಾಟ, ಜೊತೆಗೊಬ್ಬನ ಊಟ ವಸತಿ, ಕಾಲು ತೆಗೆಯುವ ಆಪರೇಷನ್, ತೊಡೆಸಂದಿನ ಗಂಟು ತೆಗೆಯುವ ಇನ್ನೊಂದು ಆಪರೇಷನ್, ವಿಕಿರಣ, ಲಕ್ಷಗಟ್ಟಲೆ ಬೆಲೆಯ ಔಷಧಿ. ಹೊಸ ಔಷಧಿಗಳು ಬಂದಿವೆ, ಕೆಲವರನ್ನು ಬದುಕಿಸಿಯೂ ಇವೆ. ಆದರೆ ಅವುಗಳ ಬೆಲೆ ಕೇಳಿದರೆ ಎರಡು ಎಕರೆಯವನ ಎದೆ ಒಡೆಯುತ್ತೆ. ಈ ಪಟ್ಟಿಯಲ್ಲಿ ಬರೆಯದ ಖರ್ಚೂ ಇದೆ: ಮಾರಿದ ಎತ್ತು, ಬೀಳು ಬಿದ್ದ ಹೊಲ, ಕಾಲೇಜು ಬಿಟ್ಟ ಮಗ, ಕೈಸಾಲದ ಬಡ್ಡಿ. ಬೆಲೆ ಬಿದ್ದು ಆದ ಸಾಲಕ್ಕೆ ಸರ್ಕಾರದ ಎದುರು ನಿಂತು ಜಗಳ ಆಡಬಹುದು. ಈ ಸಾಲಕ್ಕೆ ಯಾರ ಹತ್ತಿರ ಜಗಳ ಆಡುತ್ತೀರಿ?

ಆಳುವವರಿಗೆ ನಾಲ್ಕು ಮಾತು

ಆಡಬೇಕಾದ ಜಗಳವೂ ಇದೆ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರು ಕ್ಯಾನ್ಸರ್ ತಪಾಸಣೆ ಮಾಡಿಸಬೇಕು ಅಂತ ಕೇಂದ್ರ ಸರ್ಕಾರ ೨೦೧೬ರಲ್ಲಿ ಮಾರ್ಗಸೂಚಿ ಹೊರಡಿಸಿತು. ಒಳ್ಳೆಯದೇ, ಅವು ದೊಡ್ಡ ಕ್ಯಾನ್ಸರುಗಳು. ಆದರೆ ಬಾಯಿ ತೆಗೆಸಿ ನೋಡಲು ಬಂದವರು ಕಾಲೆತ್ತಿಸಿ ನೋಡುವುದಕ್ಕೆ ಹೊಸ ಯಂತ್ರ ಬೇಕೇ, ಹೊಸ ಬಜೆಟ್ ಬೇಕೇ? ಆಶಾ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ ಮತ್ತು ಫಾರಂನಲ್ಲಿ ಒಂದು ಸಾಲು ಸೇರಿಸಿದರೆ ಸಾಕು: "ಅಂಗಾಲು, ಉಗುರು, ಹಳೇ ಕಲೆ, ಮಾಯದ ಹುಣ್ಣು."

ಊರೂರ ಡೇರಿಯಲ್ಲಿ ಹಾಲಿನ ಫ್ಯಾಟ್ ಅಳೆಯುತ್ತಾರೆ. ಹಸುವಿನ ಹಾಲಿಗೆ ಸಿಕ್ಕಿದ ಈ ಮರ್ಯಾದೆ ಅದನ್ನು ಕರೆದವನ ಚರ್ಮಕ್ಕೆ ಬೇಡವೇ? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಗಳ ಬಾಗಿಲಲ್ಲಿ ಚರ್ಮದ ಡಾಕ್ಟರು ಇಂಥ ವಾರ ಇರುತ್ತಾರೆ ಅಂತ ಬೋರ್ಡು ಹಾಕಲಿ, ಆ ವಾರ ಅವರು ಇರಲಿ. ಬಯಾಪ್ಸಿಯ ಚೂರನ್ನು ಅಲ್ಲೇ ತೆಗೆಯಲಿ. ಅವರೆಕಾಳಿನಷ್ಟು ಚೂರು ಫಾರ್ಮಲಿನ್ ಶೀಸೆಯಲ್ಲಿ ಹಾಸನಕ್ಕೆ ಹೋಗಿ ಬರಬಹುದು. ಶೀಸೆ ಹೋಗುವ ಕಡೆಗೆ ಕುಂಟುತ್ತಾ ರೈತ ಯಾಕೆ ಹೋಗಬೇಕು?

ಇನ್ನು ಕಾರ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇಕಡ ೩೦ ಮಾತ್ರ. ಪಹಣಿಯಲ್ಲಿ ನಾಲ್ಕು ಎಕರೆ ಜಾಸ್ತಿ ಇದ್ದರೆ ಶ್ರೀಮಂತ ಅನ್ನುವ ಈ ಲೆಕ್ಕ ಯಾವ ಬುದ್ಧಿವಂತ ಹಾಕಿದ್ದು? ಪಹಣಿಯ ಋಣದ ಕಾಲಮ್ಮಿನಲ್ಲಿ ಬ್ಯಾಂಕಿನ ಹೆಸರು ಇರುವುದನ್ನು ಆತ ಓದಲಿಲ್ಲವೇ? ಸಾಲದಲ್ಲಿರುವ ರೈತನಿಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಎಪಿಎಲ್, ಬಿಪಿಎಲ್ ಭೇದ ಹೋಗಬೇಕು. ಅಲ್ಲದೆ ಈ ಯೋಜನೆಗಳ ಲೆಕ್ಕ ಬಹುಮಟ್ಟಿಗೆ ಶುರುವಾಗುವುದೇ ಆಸ್ಪತ್ರೆಗೆ ದಾಖಲಾದ ಮೇಲೆ. ಕಾಲು ಕತ್ತರಿಸುವುದಕ್ಕೆ ದುಡ್ಡಿದೆ, ಕಾಲು ಉಳಿಸುವ ಮೊದಲ ಓಡಾಟಕ್ಕೆ ಇಲ್ಲ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ೨೦೦೩ರಲ್ಲಿ ಜಾರಿಗೆ ಬಂದದ್ದನ್ನು ೨೦೧೮ರಲ್ಲಿ ನಿಲ್ಲಿಸಿದರು, ೨೦೨೨-೨೩ರಲ್ಲಿ ಮತ್ತೆ ತಂದರು. ಹೆಸರು ನೋಂದಾಯಿಸಿಕೊಳ್ಳಿ. ಯಾವ ಆಪರೇಷನ್ ಸೇರಿದೆ, ಯಾವುದು ಸೇರಿಲ್ಲ ಅನ್ನುವುದನ್ನು ಸೊಸೈಟಿಯ ಕಾರ್ಯದರ್ಶಿಯಿಂದ ಮೊದಲೇ ಕೇಳಿ ಬರೆಸಿಕೊಳ್ಳಿ, ಕಾಯಿಲೆ ಬಂದ ಮೇಲೆ ಅಲ್ಲ.

ಹೋಗುವುದು ಎಲ್ಲಿಗೆ? ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಚೀಟಿ ಬರೆಸಿಕೊಂಡು ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ. ಮೈಸೂರು ಹತ್ತಿರವಾಗುವವರಿಗೆ ಕೆ. ಆರ್. ಆಸ್ಪತ್ರೆ. ಕ್ಯಾನ್ಸರ್ ಅಂತ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ೧೯೭೩ರಲ್ಲಿ ಶುರುವಾದ ಈ ಆಸ್ಪತ್ರೆ ಸರ್ಕಾರದ್ದು, ನಮ್ಮ ತೆರಿಗೆಯದು, ಅಳುಕದೆ ಹೋಗಿ. ರೇಷನ್ ಕಾರ್ಡು, ಆಧಾರ್ ಮತ್ತು ಬಯಾಪ್ಸಿ ವರದಿ ಜೊತೆಯಲ್ಲಿರಲಿ. ವರದಿಯ ಒಂದು ಪ್ರತಿ ಮನೆಯ ಪೆಟ್ಟಿಗೆಯಲ್ಲಿ, ಪಹಣಿಯ ಜೊತೆಗೇ ಇರಲಿ.

"ಹೊಲದ ಕೆಲಸ ಮುಗೀಲಿ, ಆಮೇಲೆ ನೋಡಾನ" ಅನ್ನುವ ಮಾತು ಇವತ್ತಿಗೆ ಬಿಡಿ. ಹೊಲದ ಕೆಲಸ ಯಾರ ಕಾಲಕ್ಕೂ ಮುಗಿದಿಲ್ಲ. ಬ್ಯಾಂಕಿನವರು ಜಪ್ತಿಗೆ ಬಂದಾಗ ಜೀಪಿಗೆ ಅಡ್ಡ ನಿಲ್ಲುವುದಕ್ಕೂ ನಮಗೆ ಎರಡು ಕಾಲು ಬೇಕು. ಬರುವ ಅಮಾವಾಸ್ಯೆ ದಿನ ಈ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಆ ಎರಡನ್ನೂ ತಿರುಗಿಸಿ ನೋಡಿ. ಓದಲು ಬಾರದ ಪಕ್ಕದ ಮನೆಯವನಿಗೂ ಓದಿ ಹೇಳಿ, ಅವನ ಕಾಲನ್ನೂ ನೋಡಿ.